ಕುಂಡದ ಟೊಮೇಟೊ ಗಿಡದ ಎಲೆ ಹಳದಿಯಾಗುವಿಕೆ: ಕಾರಣನಿರ್ಣಯದ ಕ್ರಮ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯು ತೆಂಗಿನ ಸೀಮೆಗೆ ಸೇರಿದುದು. ಸುಲಿದ ಕಾಯಿಗಳ ಮಟ್ಟೆ ಇಲ್ಲಿ ಹೇರಳ; ಅದರಿಂದ ಉದುರುವ ನಾರಿನ ಪುಡಿಯನ್ನು ಮಣ್ಣಿನೊಡನೆ ಬೆರೆಸಿ ಕುಂಡಗಳಿಗೆ ತುಂಬುವುದು ಸುಲಭವೂ ಅಗ್ಗವೂ ಆಗಿದೆ. ಈ ಲೇಖಕನು ಆ ಊರಿನ ತನ್ನ ಮನೆಯಂಗಳದಲ್ಲಿ ಹೀಗೆ ತುಂಬಿದ ಎರಡು ಕುಂಡಗಳಲ್ಲಿ ಒಂದೊಂದು ಟೊಮೇಟೊ ಸಸಿಯನ್ನು ನೆಟ್ಟಿದ್ದನು. ತಿಂಗಳೊಂದು ಕಳೆಯುವಷ್ಟರಲ್ಲಿ ಎರಡು ಗಿಡಗಳ ಕೆಳಗಿನ ಎಲೆಗಳೂ ಹಳದಿಗೆ ತಿರುಗಿದವು. ನೀರು ಸಾಲದೆಂದು ಬಗೆದು, ಹೆಚ್ಚು ಹಳದಿಯಾಗಿದ್ದ ಗಿಡಕ್ಕೆ ದಿನಕ್ಕೆರಡು ಬಾರಿ ನೀರೆರೆದುದಾಯಿತು. ಕೆಲವೇ ದಿನಗಳಲ್ಲಿ ಅದು ಬಾಡಿ ಸತ್ತಿತು. ಇನ್ನೊಂದನ್ನು ಉಳಿಸಿಕೊಂಡ ಬಗೆಯನ್ನೂ, ಅದರ ಹಿಂದಿರುವ ತತ್ತ್ವವನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಹಳದಿಯೆಂಬುದು ರೋಗದ ಹೆಸರಲ್ಲ. ಪತ್ರಹರಿತ್ತು ಕುಂದಿದುದರ ಲಕ್ಷಣ ಮಾತ್ರ. ಅದಕ್ಕೆ ಕಾರಣಗಳು ಹಲವು. ಶಾಸನವೊಂದು ದೊರೆತಾಗ ಅದರ ಸ್ಥಳ, ಲಿಪಿ, ಕಾಲಗಳನ್ನು ವಿಚಾರಿಸದೆ ಅರ್ಥ ಹೇಳತೊಡಗುವುದು ಹೇಗೆ ಸಲ್ಲದೋ, ಹಾಗೆಯೇ ಎಲೆಯನ್ನು ಪರಿಶೀಲಿಸದೆ ಔಷಧ ಹಾಕುವುದೂ ಸಲ್ಲದು. ಕೇಳಬೇಕಾದ ಪ್ರಶ್ನೆಗಳು ಮೂರು: ಹಳದಿಯು ಹಳೆಯ ಎಲೆಯಲ್ಲಿ ಮೊದಲಾಯಿತೇ, ಎಳೆಯದರಲ್ಲಿಯೇ? ಎಲೆಯೆಲ್ಲವೂ ಹಳದಿಯೇ, ನರಗಳ ನಡುವೆ ಮಾತ್ರವೇ, ಅಂಚಿನಲ್ಲಿಯೇ? ಬೇರು ಮತ್ತು ಮಣ್ಣಿನ ಸ್ಥಿತಿಯೇನು?

ಮೊದಲನೆಯ ಪ್ರಶ್ನೆಯೇ ಮುಖ್ಯವಾದುದು. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವು ಗಿಡದೊಳಗೆ ಚಲಿಸಬಲ್ಲ ಪೋಷಕಾಂಶಗಳು. ಕೊರತೆಯುಂಟಾದಾಗ ಗಿಡವು ಇವನ್ನು ಹಳೆಯ ಎಲೆಗಳಿಂದ ಹಿಂತೆಗೆದು ಕುಡಿಗೆ ಕಳುಹಿಸುತ್ತದೆ; ಆದಕಾರಣ ಹಳದಿಯು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಎಲೆಯೆಲ್ಲವೂ ಒಂದೇ ಸಮನೆ ಬಿಳಿಚಿಕೊಂಡರೆ ಸಾರಜನಕದ ಕೊರತೆಯನ್ನೂ, ನರಗಳು ಹಸುರಾಗಿದ್ದು ನಡುಭಾಗ ಹಳದಿಯಾದರೆ ಮೆಗ್ನೀಸಿಯಮ್ಮಿನ ಕೊರತೆಯನ್ನೂ, ಅಂಚು ಹಳದಿಯಾಗಿ ಸುಟ್ಟಂತಾದರೆ ಪೊಟ್ಯಾಸಿಯಮ್ಮಿನ ಕೊರತೆಯನ್ನೂ ಶಂಕಿಸಬೇಕು. ತೀರ ಕೆಳಗಿನ ಒಂದೆರಡು ಎಲೆಗಳು ವಯಸ್ಸಿನಿಂದ ಹಣ್ಣಾಗುವುದು ಸಹಜ. ಅದಕ್ಕೆ ಚಿಕಿತ್ಸೆ ಬೇಡ.

ಕಬ್ಬಿಣವು ಹೀಗೆ ಸುಲಭವಾಗಿ ಚಲಿಸುವುದಿಲ್ಲ. ಅದರ ಕೊರತೆ ಕುಡಿಯ ಎಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. 1840ರ ದಶಕದಲ್ಲಿ ಫ್ರಾನ್ಸಿನ ಯೂಸೇಬ್ ಗ್ರಿ ಎಂಬಾತನು ಹಳದಿಯಾದ ಎಲೆಗಳಿಗೆ ಕಬ್ಬಿಣದ ಲವಣವನ್ನು ಸವರಿ ಹಸುರನ್ನು ಮರಳಿಸಿ ತೋರಿಸಿದನು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರ ಹೆಚ್ಚಿದರೆ ಅದು ಬೇರಿಗೆ ದಕ್ಕುವುದಿಲ್ಲ. ಗಡುಸಾದ ಕೊಳವೆಬಾವಿಯ ನೀರೆರೆದು ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದ್ದರೆ ಈ ಸಂಶಯ ಬಲಪಡುತ್ತದೆ. ಆಗ ಮಳೆಯ ನೀರು ಉತ್ತಮ. ಪೊಟ್ಯಾಸಿಯಮ್ಮಿಗೆಂದು ಹಾಕುವ ಒಲೆಯ ಬೂದಿಯೂ ಕ್ಷಾರವೇ ಆದುದರಿಂದ ಇಂಥ ಕುಂಡಕ್ಕೆ ಅದು ಹಾನಿಕರ.

ಪೋಷಣೆಗೆ ಸಂಬಂಧಿಸದ ಹಳದಿಯೂ ಉಂಟು. ಕೆಳಗಿನ ಎಲೆಗಳಲ್ಲಿ ಬಳೆಬಳೆಯಾದ ಕಂದು ಮಚ್ಚೆಗಳಿದ್ದು ಅವುಗಳ ಸುತ್ತ ಹಳದಿಯಿದ್ದರೆ ಅದು ಶಿಲೀಂಧ್ರದಿಂದ ಬರುವ ಅಂಗಮಾರಿ ರೋಗ. ಅಂಥ ಎಲೆಗಳನ್ನು ಕಿತ್ತು ದೂರ ಹಾಕಬೇಕು. ಕುಡಿಯ ಎಲೆಗಳು ಕಿರಿದಾಗಿ, ಅಂಚು ಹಳದಿಯಾಗಿ ಮುದುಡಿ, ಗಿಡ ಕುಳ್ಳಾದರೆ ಬಿಳಿನೊಣ ಹರಡುವ ನಂಜುರೋಗವೆಂದು ತಿಳಿಯಬೇಕು. ಇದಕ್ಕೆ ಮದ್ದಿಲ್ಲ, ಗಿಡವನ್ನು ಕಿತ್ತು ನಾಶಪಡಿಸುವುದೊಂದೇ ದಾರಿ. 1967ರಲ್ಲಿ ಸ್ಥಾಪಿತವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ಎರಡು ರೋಗಗಳನ್ನೂ ದುಂಡಾಣು ಸೊರಗುರೋಗವನ್ನೂ ತಡೆಯಬಲ್ಲ ಅರ್ಕ ರಕ್ಷಕ್ ಎಂಬ ತಳಿಯನ್ನು ರೂಪಿಸಿದೆ.

ಕಾರಣವರಿತ ಮೇಲೆಯೇ ಉಪಾಯವೆಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ನಿದರ್ಶನವಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್, ಅಡಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು.

ಇನ್ನು ಹಂದನಕೆರೆಯ ಕುಂಡಗಳ ವಿಷಯ. ಸತ್ತ ಗಿಡವನ್ನು ಕಿತ್ತು ನೋಡಲಾಗಿ ಬೇರುಗಳು ಕಂದಾಗಿ ಕೊಳೆತು ನಾರುತ್ತಿದ್ದವು. ನಾರಿನ ಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ಒದ್ದೆಯಿದ್ದು, ಬೇರಿಗೆ ಗಾಳಿಯಿಲ್ಲದಂತಾಗಿತ್ತು. ಉಳಿದ ಗಿಡದ ಬೇರುಗಳಾದರೋ ಬೆಳ್ಳಗೆ ಗಟ್ಟಿಯಾಗಿದ್ದವು. ಹಳೆಯ ಎಲೆಗಳು ಮಾತ್ರ ಒಂದೇ ಸಮನೆ ಹಳದಿಯಾಗಿದ್ದವು. ಎಂದರೆ ಎರಡಕ್ಕೂ ಮೊದಲು ಬಂದುದು ಸಾರಜನಕದ ಕೊರತೆ. ಕಳಿಯದ ನಾರಿನ ಪುಡಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 100 ಪಾಲಿರುತ್ತದೆ. ಅದನ್ನು ಕಳಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಹೀರಿ, ಗಿಡವನ್ನು ಬರಿಗೈಯಾಗಿಸುತ್ತವೆ.

ಆ ಗಿಡಕ್ಕೆ ನೀರನ್ನು ಮಿತಗೊಳಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನೂ, ನೆನೆಸಿದ ಕಡಲೆಕಾಯಿ ಹಿಂಡಿಯ ತೆಳುವಾದ ತಿಳಿಯನ್ನೂ ಕೊಡಲಾಯಿತು. ಪೂರ್ತಿ ಹಳದಿಯಾಗಿದ್ದ ಎಲೆಗಳು ಉದುರಿದವು. ಹೊಸ ಎಲೆಗಳು ಹಸುರಾಗಿಯೇ ಬಂದವು. ಚಿಕಿತ್ಸೆಯ ಫಲವನ್ನು ಅಳೆಯಬೇಕಾದುದು ಹೊಸ ಎಲೆಗಳಿಂದಲೇ. ಮೊದಲನೆಯ ಗಿಡದ ಕುಂಡದೊಳಗೆ ಬೆರಳಿಟ್ಟು ನೋಡಿದ್ದರೆ ಅದೂ ಉಳಿಯುತ್ತಿತ್ತು.