ಓಡಿ ಬಂದ ತಂದೆ: ಕೃಪೆ, ಕ್ಷಮೆ, ಪಶ್ಚಾತ್ತಾಪ

ಕ್ರೈಸ್ತ ನಂಬಿಕೆಯಲ್ಲಿ ಕೃಪೆ ಎಂದರೆ ಮನುಷ್ಯ ದುಡಿದು ಗಳಿಸಲಾಗದ, ದೇವರು ತಾನಾಗಿಯೇ ಕೊಡುವ ಪ್ರೀತಿ. ಇದನ್ನು ಲೂಕನ ಸುವಾರ್ತೆಯ 15ನೇ ಅಧ್ಯಾಯದಷ್ಟು ಚೆನ್ನಾಗಿ ಕಾಣಿಸುವ ಭಾಗ ಬೈಬಲಿನಲ್ಲಿ ವಿರಳ.

ಅಲ್ಲಿ ಯೇಸು ಹೇಳುವ ಒಂದು ದೃಷ್ಟಾಂತದಲ್ಲಿ ಕಿರಿಯ ಮಗ ತಂದೆ ಬದುಕಿರುವಾಗಲೇ ಆಸ್ತಿಯ ಪಾಲು ಪಡೆದು, ದೂರದೇಶದಲ್ಲಿ ಹಾಳುಮಾಡುತ್ತಾನೆ. ಬರ ಬಂದಾಗ ಹಂದಿ ಮೇಯಿಸುವ ಗತಿ. ಯೆಹೂದ್ಯರಿಗೆ ಹಂದಿ ಅಶುದ್ಧ. ಅವನು ಇಳಿದ ಆಳ ಅಷ್ಟು. ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇರಿಸಿಕೊಂಡರೆ ಸಾಕು ಎಂದು ಕೇಳಲು ಮಾತು ಜೋಡಿಸಿಕೊಂಡು ಹೊರಡುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಕೂಲಿಯಾಳಿನ ಮಾತು ಬಾಯಿಂದ ಹೊರಡುವ ಮೊದಲೇ ಒಳ್ಳೆಯ ನಿಲುವಂಗಿ, ಬೆರಳಿಗೆ ಉಂಗುರ, ಕಾಲಿಗೆ ಜೋಡು ತರಲು ಅಪ್ಪಣೆಯಾಗುತ್ತದೆ. ಪಶ್ಚಾತ್ತಾಪ ಅವನನ್ನು ಮನೆಯತ್ತ ತಿರುಗಿಸಿತು, ನಿಜ. ಆದರೆ ಅದು ಕ್ಷಮೆಗೆ ತೆತ್ತ ಬೆಲೆಯಲ್ಲ.

ಹಾಗೆಂದು ಪಶ್ಚಾತ್ತಾಪ ಬರೀ ಕಣ್ಣೀರೂ ಅಲ್ಲ. ಅದೇ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯ ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಕಿತ್ತುಕೊಂಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಯೇಸು ಅವನ ಮನೆಗೆ ಬರುತ್ತೇನೆಂದದ್ದು ಅದಕ್ಕೂ ಮೊದಲು. ಮೊದಲು ಕೃಪೆ, ಆಮೇಲೆ ಬದಲಾವಣೆ: ಈ ಕ್ರಮವೇ ಮುಖ್ಯ.

ಕ್ಷಮೆಗೆ ಬೆಲೆಯುಂಟೇ ಎಂಬ ಪ್ರಶ್ನೆ ಚರಿತ್ರೆಯಲ್ಲೂ ಎದ್ದಿತು: 1517ರಲ್ಲಿ ಮಾರ್ಟಿನ್ ಲೂಥರ್ ಪಾಪದ ದಂಡನೆಗೆ ವಿನಾಯಿತಿ ಪತ್ರ ಮಾರುವುದನ್ನು ಪ್ರಶ್ನಿಸಿದ. ಮುಂದೆ ಪಶ್ಚಿಮದ ಕ್ರೈಸ್ತಸಭೆಯೇ ಒಡೆಯಿತು. ಕಥೋಲಿಕರಲ್ಲಿ ಗುರುಗಳ ಮುಂದೆ ಪಾಪನಿವೇದನೆ ಸಂಸ್ಕಾರವಾಗಿ ಉಳಿದಿದೆ. ಆದರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಮತ್ತು ಕಥೋಲಿಕ ಪ್ರತಿನಿಧಿಗಳು ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ಮನುಷ್ಯನನ್ನು ಸ್ವೀಕರಿಸುವುದು ಅವನ ಪುಣ್ಯದಿಂದಲ್ಲ, ಕೃಪೆಯಿಂದಲೇ ಎಂಬುದು ಅದರ ತಿರುಳು.