ಚಲಿಸುವ ಮನೆಯ ಬ್ಯಾಟರಿ ಏಕೆ ತುಂಬುವುದಿಲ್ಲ?

ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ವಿಜಯಪುರ, ಕಲಬುರಗಿಗಳ ಕಡೆಗೆ ಪ್ರಯಾಣ ಮಾಡುವ ಕನ್ನಡಿಗರಿಗೆ ಇಂದಾಪುರ ಅಪರಿಚಿತವಾದ ಊರೇನಲ್ಲ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪುಣೆಯಿಂದ ಸುಮಾರು 140 ಕಿಲೋಮೀಟರು ದೂರದಲ್ಲಿ, ಸೊಲ್ಲಾಪುರದ ಹಾದಿಯ ಅರ್ಧವನ್ನು ದಾಟಿದ ಮೇಲೆ ಸಿಗುವ ತಾಲೂಕು ಕೇಂದ್ರವಿದು. ಒಂದು ಕಡೆ ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು, ಉಳಿದೆಡೆ ಕಬ್ಬಿನ ಗದ್ದೆಗಳು. ದೇಹುವಿನಿಂದ ಹೊರಟು ಆಷಾಢ ಏಕಾದಶಿಗೆ ಪಂಢರಪುರವನ್ನು ಸೇರುವ ಸಂತ ತುಕಾರಾಮ ಮಹಾರಾಜರ ಪಾಲಖಿಯೂ ಇಲ್ಲಿ ತಂಗಿ ಮುಂದೆ ಸಾಗುತ್ತದೆ.

ಈ ಹಾದಿಯಲ್ಲಿ ಇತ್ತೀಚೆಗೆ ಹೊಸ ಬಗೆಯ ವಾಹನವೊಂದು ಕಾಣಿಸತೊಡಗಿದೆ. ಮಲಗುವ ಮಂಚ, ಚಿಕ್ಕ ಅಡುಗೆಕಟ್ಟೆ, ಫ್ರಿಜ್, ಫ್ಯಾನು, ಶೌಚಾಲಯಗಳನ್ನು ಒಳಗೊಂಡ ಮೋಟರ್‌ಹೋಮ್ ಅಥವಾ ಕಾರವಾನ್. ಮಹಾರಾಷ್ಟ್ರ ಸರಕಾರವು 2021ರಲ್ಲಿ ಕಾರವಾನ್ ಪ್ರವಾಸೋದ್ಯಮಕ್ಕಾಗಿಯೇ ನೀತಿಯೊಂದನ್ನು ಪ್ರಕಟಿಸಿತು. ಅದೇ ವರ್ಷ ಕೇರಳವೂ ಇಂತಹುದೇ ಯೋಜನೆಯನ್ನು ಆರಂಭಿಸಿತು. ಬಾಡಿಗೆಗೆ ಪಡೆಯುವವರಿದ್ದಾರೆ, ತಮ್ಮದೇ ಹಳೆಯ ಮಿನಿ ಬಸ್ಸನ್ನು ಗ್ಯಾರೇಜಿನಲ್ಲಿ ಮಾರ್ಪಡಿಸಿಕೊಂಡವರೂ ಇದ್ದಾರೆ. ಪಾಲಖಿಯ ಜೊತೆ ಸಾಗುವ ದಿಂಡಿಗಳ ಟೆಂಪೋಗಳೂ ದೀಪ, ಧ್ವನಿವರ್ಧಕ, ಮೊಬೈಲು ಚಾರ್ಜಿಂಗುಗಳ ವ್ಯವಸ್ಥೆಯನ್ನು ಹೊತ್ತು ಒಂದರ್ಥದಲ್ಲಿ ಚಲಿಸುವ ಮನೆಗಳೇ ಆಗಿವೆ. ಇವರೆಲ್ಲರ ದೂರು ಒಂದೇ: ದಿನವಿಡೀ ಗಾಡಿ ಓಡಿದರೂ ರಾತ್ರಿ ಬ್ಯಾಟರಿ ಖಾಲಿ. ಅದಕ್ಕೆ ಸಾಮಾನ್ಯವಾಗಿ ದೊರೆಯುವ ಪರಿಹಾರವೂ ಒಂದೇ: ಹೊಸ ಬ್ಯಾಟರಿ ಹಾಕಿಸಿ! ಹದಿನೈದು ಇಪ್ಪತ್ತು ಸಾವಿರ ರೂಪಾಯಿ ತೆತ್ತ ಮೇಲೆ ತಿಂಗಳೊಳಗೆ ಮತ್ತೆ ಅದೇ ಕತೆ ಮರುಕಳಿಸುವುದುಂಟು. ದೋಷವು ಬ್ಯಾಟರಿಯಲ್ಲಿರುವುದಕ್ಕಿಂತ ಬ್ಯಾಟರಿಗೆ ವಿದ್ಯುತ್ತು ತಲುಪುವ ದಾರಿಯಲ್ಲಿರುವುದೇ ಹೆಚ್ಚು. ಅಳೆಯದೆ ಬ್ಯಾಟರಿ ಬದಲಿಸುವುದು, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಹೊಸ ಕೊಡ ಕೊಂಡಂತೆ.

ಮೊದಲು ವ್ಯವಸ್ಥೆಯನ್ನು ತಿಳಿಯೋಣ. ಮೋಟರ್‌ಹೋಮಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು ಎಂಜಿನನ್ನು ಚಾಲೂ ಮಾಡುವುದು. ಅದು ಕ್ಷಣಮಾತ್ರ ಭಾರೀ ಪ್ರವಾಹವನ್ನು ಕೊಟ್ಟು ಸುಮ್ಮನಾಗುತ್ತದೆ. ಇನ್ನೊಂದು ಮನೆಯ ಬ್ಯಾಟರಿ. ಅದು ರಾತ್ರಿಯೆಲ್ಲಾ ನಿಧಾನವಾಗಿ ಕೊಡುತ್ತಿರಬೇಕು. ಈ ಎರಡನೆಯದಕ್ಕೆ ಮೂರು ಕಡೆಗಳಿಂದ ಆಹಾರ ಒದಗುತ್ತದೆ: ಓಡುವಾಗ ಎಂಜಿನಿನ ಆಲ್ಟರ್ನೇಟರ್, ಹಗಲಿನಲ್ಲಿ ಮಾಳಿಗೆಯ ಮೇಲಿನ ಸೋಲಾರ್ ಪ್ಯಾನೆಲ್, ತಂಗಿದಲ್ಲಿ 230 ವೋಲ್ಟಿನ ಸಾಕೆಟ್ಟಿಗೆ ಜೋಡಿಸುವ ಚಾರ್ಜರ್. ಖರ್ಚಿನ ಲೆಕ್ಕವನ್ನೂ ನೋಡಬೇಕು. 12 ವೋಲ್ಟಿನ 45 ವ್ಯಾಟ್ ಫ್ರಿಜ್ ದಿನದ ಅರ್ಧ ಹೊತ್ತು ನಡೆದರೆ 45 ಆಂಪಿಯರ್-ಗಂಟೆ. 2 ಆಂಪಿಯರಿನ ಫ್ಯಾನು ಎಂಟು ಗಂಟೆಗೆ 16. ದೀಪ, ನೀರಿನ ಪಂಪುಗಳಿಗೆ ಇನ್ನೊಂದಿಷ್ಟು. ಒಟ್ಟು ಸುಮಾರು 65. ಹವಾನಿಯಂತ್ರಣ ಯಂತ್ರವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದನ್ನು ಇಂತಹ ಬ್ಯಾಟರಿಯಿಂದ ರಾತ್ರಿಯಿಡೀ ನಡೆಸುವ ಆಸೆಯನ್ನು ಬಿಡುವುದೇ ಲೇಸು.

ಇದು ಕೇವಲ ಸುಖಸೌಕರ್ಯದ ಪ್ರಶ್ನೆಯಲ್ಲ. ನಮ್ಮ ಎಷ್ಟೋ ಕುಟುಂಬಗಳು ಕಾರವಾನನ್ನು ಆರಿಸಿಕೊಳ್ಳುವುದೇ ವೃದ್ಧ ತಂದೆತಾಯಿಗಳ ಸಲುವಾಗಿ. ಮಧುಮೇಹವಿರುವ ಹಿರಿಯರ ಇನ್ಸುಲಿನ್ ಆ ಚಿಕ್ಕ ಫ್ರಿಜ್ಜಿನಲ್ಲಿರುತ್ತದೆ. ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸಿನಲ್ಲಿ ಇಡಬೇಕು. ಬಳಕೆಯಲ್ಲಿರುವುದನ್ನು ಹೊರಗಿಡಬಹುದಾದರೂ ಬಹುತೇಕ ಬಗೆಗಳಿಗೆ 30 ಡಿಗ್ರಿಯ ಮಿತಿಯಿದೆ. ಮೇ ತಿಂಗಳಿನಲ್ಲಿ ಇಂದಾಪುರದ ಹೊರಗಿನ ಗಾಳಿಯೇ 40 ಡಿಗ್ರಿಯನ್ನು ದಾಟುತ್ತದೆ. ಬಿಸಿಲಿಗೆ ನಿಂತ ವಾಹನದ ಒಳಗಿನ ಮಾತು ಹೇಳಬೇಕಾಗಿಲ್ಲ. ಕೆಟ್ಟ ಇನ್ಸುಲಿನ್ ಅನೇಕ ವೇಳೆ ನೋಡುವುದಕ್ಕೆ ಒಳ್ಳೆಯದರಂತೆಯೇ ಇರುತ್ತದೆ. ಉಸಿರಾಟಕ್ಕೆ ರಾತ್ರಿ ಯಂತ್ರದ ನೆರವು ಬೇಕಾದವರ ಸ್ಥಿತಿಯೂ ಇದೇ.

ಪರೀಕ್ಷೆಗೆ ಬೇಕಾದುದು ಐದಾರು ನೂರು ರೂಪಾಯಿಗೆ ದೊರೆಯುವ ಡಿಜಿಟಲ್ ಮಲ್ಟಿಮೀಟರ್. ಕೈಯ ಉಂಗುರ, ಬಳೆ, ಕೊರಳ ಸರಗಳನ್ನು ತೆಗೆದಿಟ್ಟೇ ಕೆಲಸಕ್ಕೆ ಕೈಹಾಕಬೇಕು. ಬ್ಯಾಟರಿಯ ಎರಡು ತುದಿಗಳ ನಡುವೆ ಚಿನ್ನದ ಬಳೆ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಪಗೆ ಕಾದು ಸುಡುತ್ತದೆ. ಸೀಸ-ಆಮ್ಲದ ಬ್ಯಾಟರಿಯು ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲವನ್ನು ಬಿಡುವುದರಿಂದ ಹತ್ತಿರ ಬೆಂಕಿ, ಊದುಬತ್ತಿಗಳೂ ಇರಬಾರದು.

ಬ್ಯಾಟರಿಯು ಎರಡು ಮೂರು ಗಂಟೆ ಯಾವ ಕೆಲಸವನ್ನೂ ಮಾಡದೆ ವಿಶ್ರಾಂತಿಯಲ್ಲಿದ್ದಾಗ ಮೊದಲ ಅಳತೆ. ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿ ತುಂಬಿದ್ದರೆ ಸುಮಾರು 12.7 ವೋಲ್ಟ್, ಅರ್ಧವಾಗಿದ್ದರೆ 12.2, ಹನ್ನೆರಡಕ್ಕಿಂತ ಕೆಳಗಿಳಿದರೆ ಬಹುತೇಕ ಖಾಲಿ. ಬಳಿಕ ಎಂಜಿನನ್ನು ಚಾಲೂ ಮಾಡಿ, ಎಂಜಿನ್ ಬ್ಯಾಟರಿಯ ತುದಿಗಳಲ್ಲಿ ಅಳೆಯಬೇಕು. 13.8ರಿಂದ 14.4 ವೋಲ್ಟ್ ಬಂದರೆ ಆಲ್ಟರ್ನೇಟರ್ ಕ್ಷೇಮ. ಎಂಜಿನ್ ನಡೆಯುತ್ತಿರುವಾಗಲೇ ಹಿಂದಕ್ಕೆ ಹೋಗಿ ಮನೆಯ ಬ್ಯಾಟರಿಯನ್ನು ಅಳೆಯಬೇಕು. ಮುಂದೆ 14.2, ಹಿಂದೆ 12.6 ಎಂದಾದರೆ ಒಂದೂವರೆ ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತಿದೆ ಎಂದರ್ಥ.

ಈ ದಾರಿಯ ವಿಚಾರವನ್ನು ತುಸು ವಿಸ್ತಾರವಾಗಿ ಹೇಳಲೇಬೇಕು. ಏಕೆಂದರೆ ಗ್ಯಾರೇಜಿನಲ್ಲಿ ಮಾರ್ಪಡಿಸಿದ ವಾಹನಗಳ ಮುಖ್ಯ ಕಾಯಿಲೆ ಇದೇ. ಎಂಜಿನಿನಿಂದ ಹಿಂಬದಿಯ ಬ್ಯಾಟರಿಗೆ ಆರು ಮೀಟರು ದೂರವೆಂದುಕೊಂಡರೆ ಹೋಗಿಬರುವ ತಂತಿ ಹನ್ನೆರಡು ಮೀಟರು. 6 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 30 ಆಂಪಿಯರ್ ಹರಿದರೆ ಸುಮಾರು ಒಂದು ವೋಲ್ಟ್ ನಷ್ಟವಾಗುತ್ತದೆ. 25 ಚದರ ಮಿಲಿಮೀಟರಿನ ತಂತಿಯಲ್ಲಿ ಕಾಲು ವೋಲ್ಟ್ ಮಾತ್ರ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರ ಗಮನಕ್ಕೂ ಬರುವುದಿಲ್ಲ. ಆದರೆ 14.2 ವೋಲ್ಟಿನಲ್ಲಿ ಒಂದು ಹೋದರೆ ಉಳಿಯುವ 13.2 ವೋಲ್ಟಿಗೆ ಸೀಸದ ಬ್ಯಾಟರಿ ಎಂದಿಗೂ ಸರಿಯಾಗಿ ತುಂಬಲಾರದು. ಮನೆಯ ವಯರಿಂಗಿನ ತಂತಿಯನ್ನೇ ಗಾಡಿಗೂ ಎಳೆದುಬಿಡುವ ಕೆಲಸಗಾರರು ಈ ವ್ಯತ್ಯಾಸವನ್ನು ಯೋಚಿಸುವುದಿಲ್ಲ.

ನಷ್ಟ ಎಲ್ಲಿ ಎಂಬುದನ್ನು ಕಂಡುಹಿಡಿಯುವ ಉಪಾಯ ಸರಳವಾದುದು. ಎಂಜಿನ್ ನಡೆಯುತ್ತಾ ಹಿಂದಿನ ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಮುಂದಿನ ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಹಿಂದಿನ ಬ್ಯಾಟರಿಯ ಧನ ತುದಿಗೂ ಮುಟ್ಟಿಸಬೇಕು. ಬರುವ ಅಂಕಿಯೇ ಆ ದಾರಿಯ ನಷ್ಟ. ಋಣ ತುದಿಗಳ ನಡುವೆಯೂ ಹೀಗೆಯೇ. ಕಡ್ಡಿಯ ತಂತಿ ಅಷ್ಟು ಉದ್ದವಿರುವುದಿಲ್ಲವಾದ್ದರಿಂದ ಹತ್ತು ಮೀಟರು ತೆಳ್ಳನೆಯ ವಯರನ್ನು, ಬ್ಯಾಟರಿಯ ಕಡೆಗೆ ಒಂದು ಆಂಪಿಯರಿನ ಫ್ಯೂಸ್ ಹಾಕಿ, ಜೋಡಿಸಿಕೊಳ್ಳಬಹುದು. ಫ್ಯೂಸ್ ಇಲ್ಲದೆ ಅದರ ತುದಿ ಗಾಡಿಯ ಮೈಗೆ ತಗಲಿದರೆ ವಯರು ಉರಿದುಹೋಗುತ್ತದೆ. ಋಣ ಕಡೆಯಲ್ಲಿ ನಷ್ಟ ಹೆಚ್ಚಾಗಿದ್ದರೆ ಚಾಸಿಗೆ ಬಿಗಿದ ಅರ್ಥಿಂಗ್ ಬೋಲ್ಟನ್ನು ನೋಡಬೇಕು. ಬಣ್ಣದ ಮೇಲೆಯೇ ಬಿಗಿದಿರುವುದು, ತುಕ್ಕು ಹಿಡಿದಿರುವುದು ಇಲ್ಲಿ ಸಾಮಾನ್ಯ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದರೆ ಎಷ್ಟೋ ವಾಹನಗಳು ಅಲ್ಲಿಗೇ ಗುಣವಾಗುತ್ತವೆ. ಫ್ಯೂಸಿನ ಎರಡು ಕಡೆಗಳಲ್ಲಿಯೂ ಅಳೆಯಬೇಕು. ಕಣ್ಣಿಗೆ ಸರಿಯಾಗಿ ಕಂಡರೂ ಅದರ ಹಿಡಿಕೆ ಸಡಿಲವಾಗಿರಬಹುದು. ಬ್ಯಾಟರಿಯ ತುದಿಯಲ್ಲಿ ಹಸಿರು ಅಥವಾ ಬಿಳಿಯ ಪುಡಿ ಕಟ್ಟಿದ್ದರೆ ಮೊದಲು ಋಣ ತಂತಿಯನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒಣಗಿಸಬೇಕು.

ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ ಇರುತ್ತದೆ. ಎಂಜಿನ್ ನಿಂತಾಗ ಅದು ಸಂಪರ್ಕವನ್ನು ಕಡಿಯದಿದ್ದರೆ ರಾತ್ರಿಯ ಫ್ಯಾನು ಎಂಜಿನ್ ಬ್ಯಾಟರಿಯನ್ನೂ ಹೀರಿ, ಬೆಳಿಗ್ಗೆ ಗಾಡಿಯೇ ಚಾಲೂ ಆಗುವುದಿಲ್ಲ. ವೋಲ್ಟೇಜನ್ನು ನೋಡಿ ಕೆಲಸ ಮಾಡುವ ರಿಲೇಗಳು ಸಾಮಾನ್ಯವಾಗಿ 13.3 ವೋಲ್ಟಿನ ಸುಮಾರಿಗೆ ಸೇರಿಕೊಂಡು 12.8ರ ಸುಮಾರಿಗೆ ಬಿಡುತ್ತವೆ. ತೊಡಕು ಬಂದಿರುವುದು ಇಲ್ಲಿಯೇ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಅನೇಕ ವಾಹನಗಳಲ್ಲಿ ಇಂಧನದ ಉಳಿತಾಯಕ್ಕಾಗಿ ಆಲ್ಟರ್ನೇಟರನ್ನು ಕಂಪ್ಯೂಟರು ನಿಯಂತ್ರಿಸುತ್ತದೆ. ಎಂಜಿನ್ ಬ್ಯಾಟರಿ ತುಂಬಿದೊಡನೆ ವೋಲ್ಟೇಜನ್ನು 12.5ರ ಹತ್ತಿರಕ್ಕೆ ಇಳಿಸಿ, ಬ್ರೇಕು ಹಿಡಿದಾಗ ಮಾತ್ರ ಏರಿಸುತ್ತದೆ. ರಿಲೇ ಬಿಟ್ಟುಕೊಳ್ಳುತ್ತದೆ, ಮೂರು ಗಂಟೆ ಓಡಿ ಇಂದಾಪುರಕ್ಕೆ ಬಂದರೂ ಮನೆಯ ಬ್ಯಾಟರಿಗೆ ಏನೂ ಸಿಕ್ಕಿರುವುದಿಲ್ಲ. ಇಂತಹ ಗಾಡಿಯಲ್ಲಿ ಆಲ್ಟರ್ನೇಟರ್ ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಹೆಡ್‌ಲೈಟು, ಬ್ಲೋವರುಗಳನ್ನು ಹಾಕಿ ನೋಡಬೇಕು. ವೋಲ್ಟೇಜ್ ಏರಿ, ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪವೂ ಆರಿದ್ದರೆ ಯಂತ್ರ ಸರಿಯಾಗಿದೆ. ಇದಕ್ಕೆ ಸರಿಯಾದ ಪರಿಹಾರ ರಿಲೇಯ ಬದಲು ಡಿಸಿ-ಡಿಸಿ ಚಾರ್ಜರ್. ಬರುವ ವೋಲ್ಟೇಜ್ ಎಷ್ಟೇ ಇರಲಿ, ಅದು ಬ್ಯಾಟರಿಗೆ ತಕ್ಕಷ್ಟು ಮಾಡಿ ಕೊಡುತ್ತದೆ. 30 ಆಂಪಿಯರಿನದಾದರೆ ಪುಣೆಯಿಂದ ಇಂದಾಪುರದವರೆಗಿನ ಮೂರು ಗಂಟೆಗಳಲ್ಲಿ ಹೆಚ್ಚೆಂದರೆ 90 ಆಂಪಿಯರ್-ಗಂಟೆ ತುಂಬೀತು. ಮೇಲೆ ಹೇಳಿದ ದಿನದ ಖರ್ಚಿಗೆ ಅದು ಧಾರಾಳವಾಯಿತು. ಅದನ್ನು ಅಳವಡಿಸಿದ್ದರೆ ತಂತಿಯ ನಷ್ಟವನ್ನು ಎಂಜಿನ್ ಬ್ಯಾಟರಿ ಮತ್ತು ಈ ಚಾರ್ಜರಿನ ಒಳದಾರಿಯ ನಡುವೆ ಅಳೆಯಬೇಕು.

ಸೋಲಾರಿನ ವಿಷಯ ಚಿಕ್ಕದು. ನೂರು ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 400 ವ್ಯಾಟ್-ಗಂಟೆಯಷ್ಟು ಕೊಟ್ಟೀತು. ಫ್ರಿಜ್ಜೊಂದಕ್ಕೇ ಅದು ಸಾಲದು. ಆಷಾಢದ ಮೋಡದಲ್ಲಿ ಇನ್ನೂ ಕಡಿಮೆ. ಬೇವಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸುವುದು ಮನುಷ್ಯರಿಗೆ ಹಿತ, ಪ್ಯಾನೆಲಿಗೆ ಅಹಿತ. ಒಂದೇ ಕೊಂಬೆಯ ನೆರಳು ಇಡೀ ಪ್ಯಾನೆಲಿನ ಉತ್ಪತ್ತಿಯನ್ನು ಕುಗ್ಗಿಸಬಲ್ಲುದು. ಕಬ್ಬು ಅರೆಯುವ ಕಾಲದಲ್ಲಿ ಈ ಸೀಮೆಯಲ್ಲಿ ನಿಂತ ಗಾಡಿಯ ಮಾಳಿಗೆಯನ್ನು ಬೆಳಿಗ್ಗೆ ಒಮ್ಮೆ ಒರೆಸಿದರೆ ಒಳ್ಳೆಯದು, ಮಸಿಯೂ ಧೂಳೂ ಕುಳಿತಿರುತ್ತದೆ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಜೋಡಿಸಬೇಕು. ಬಿಚ್ಚುವಾಗ ಇದಕ್ಕೆ ವಿರುದ್ಧ ಕ್ರಮ.

ಸಾಕೆಟ್ಟಿಗೆ ಜೋಡಿಸಿದಾಗಲೂ ತುಂಬದಿದ್ದರೆ ಒಂದು ವಿಚಿತ್ರ ದೋಷವನ್ನು ನೆನಪಿನಲ್ಲಿಡಬೇಕು. ಕೆಲವು ಗಾಡಿಗಳಲ್ಲಿ ಚಾರ್ಜರಿನ ಪ್ಲಗ್ಗನ್ನು ಇನ್ವರ್ಟರಿನ ಸಾಕೆಟ್ಟಿಗೇ ಸಿಕ್ಕಿಸಿರುತ್ತಾರೆ. ಆಗ ಬ್ಯಾಟರಿಯು ಇನ್ವರ್ಟರನ್ನು ನಡೆಸುತ್ತದೆ, ಇನ್ವರ್ಟರು ಚಾರ್ಜರನ್ನು, ಚಾರ್ಜರು ಅದೇ ಬ್ಯಾಟರಿಯನ್ನು! ಪ್ರತಿ ಸುತ್ತಿನಲ್ಲಿಯೂ ಒಂದಿಷ್ಟು ಶಾಖವಾಗಿ ಸೋರಿ, ದೀಪಗಳೆಲ್ಲ ಉರಿಯುತ್ತಿರುವಂತೆಯೇ ಬ್ಯಾಟರಿ ಬರಿದಾಗುತ್ತದೆ. ಹೊರಗಿನ ಕೇಬಲನ್ನು ಕಿತ್ತಾಗಲೂ ಚಾರ್ಜರಿನ ದೀಪ ಉರಿಯುತ್ತಿದ್ದರೆ ಕಾರಣ ಇದೇ. ಖಾಲಿ ಕುಳಿತ ಇನ್ವರ್ಟರು ಅರ್ಧ ಆಂಪಿಯರ್ ಹೀರಿದರೂ ದಿನಕ್ಕೆ 12 ಆಂಪಿಯರ್-ಗಂಟೆ. ಬೇಡದಾಗ ಅದನ್ನು ಆರಿಸಿಡಬೇಕು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಬ್ಯಾಟರಿಯನ್ನು ಸಂಶಯಿಸಬೇಕು. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ತಂತಿ ಬಿಚ್ಚಿಟ್ಟು, ಬೆಳಿಗ್ಗೆ 12.4ಕ್ಕಿಂತ ಕೆಳಗಿಳಿದಿದ್ದರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ. ಖಾಲಿಯಾದ ಸೀಸದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗುತ್ತದೆ. ಪ್ರವಾಸ ಮುಗಿಸಿ ಬಂದು ಗಾಡಿಯನ್ನು ಮರೆತುಬಿಡುವ ನಮ್ಮ ಅಭ್ಯಾಸವೇ ಇದಕ್ಕೆ ಮೂಲ. ಉಷ್ಣವೂ ಶತ್ರುವೇ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಆದುದರಿಂದ ಬ್ಯಾಟರಿಯನ್ನು ಎಂಜಿನಿನ ಶಾಖದಿಂದ ದೂರವಿಡಬೇಕು. ಚಾರ್ಜರ್ ಉಷ್ಣತೆಯನ್ನು ಗಮನಿಸಿ ವೋಲ್ಟೇಜ್ ಇಳಿಸುವಂಥದಾಗಿರಬೇಕು.

ಲಿಥಿಯಂ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ. ಅದು ಮುಕ್ಕಾಲು ಖಾಲಿಯಾಗುವವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜನ್ನು ತೋರಿಸುತ್ತದೆ. ಹೋಗಿಬರುವ ಪ್ರವಾಹವನ್ನು ಎಣಿಸುವ ಮಾನಿಟರ್ ಬೇಕು. ಮೀಟರು ಸೊನ್ನೆ ತೋರಿಸಿದರೆ ಬ್ಯಾಟರಿ ಸತ್ತಿತೆಂದು ತಿಳಿಯಬೇಕಾಗಿಲ್ಲ. ಒಳಗಿನ ರಕ್ಷಣಾ ವ್ಯವಸ್ಥೆಯಾದ ಬಿಎಂಎಸ್ ಬಾಗಿಲು ಹಾಕಿಕೊಂಡಿರುತ್ತದೆ. ಲಿಥಿಯಂಗೆಂದೇ ಮಾಡಿದ ಚಾರ್ಜರು ಅದನ್ನು ಎಬ್ಬಿಸಬಲ್ಲುದು. ಸೀಸದ ಬ್ಯಾಟರಿಯ ಹಳೆಯ ಚಾರ್ಜರು ಸೊನ್ನೆಯನ್ನು ಕಂಡು ಸುಮ್ಮನೆ ಕುಳಿತುಬಿಡಬಹುದು.

ರಾತ್ರಿ ಇಂದಾಪುರದಲ್ಲಿ ಗಾಡಿ ನಿಂತಿದೆ, ಬ್ಯಾಟರಿ ಇಳಿದಿದೆ ಎಂದಾಗ ಮಾಡಬೇಕಾದುದೇನು? ಇನ್ವರ್ಟರು, ಟಿವಿಗಳನ್ನು ಆರಿಸಿ, ಫ್ರಿಜ್ಜಿನ ಬಾಗಿಲು ತೆರೆಯದಿರುವುದು. ಲಾಡ್ಜಿನವರನ್ನೋ ಢಾಬಾದವರನ್ನೋ ಕೇಳಿ ದಪ್ಪ ಕೇಬಲಿನಿಂದ ಸಾಕೆಟ್ಟಿಗೆ ಜೋಡಿಸುವುದು. ಅದೂ ಸಿಗದಿದ್ದರೆ ಇನ್ಸುಲಿನನ್ನು ಚಿಕ್ಕ ಡಬ್ಬಿಯಲ್ಲಿಟ್ಟು, ನೀರಿನಿಂದ ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ ಗಾಳಿಯಾಡುವಲ್ಲಿ ಇಡಬಹುದು. ಮಂಜುಗಡ್ಡೆಗೆ ನೇರವಾಗಿ ತಗಲಿಸಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯೋಗಿ. ಎಂಜಿನನ್ನು ಚಾಲೂ ಇಟ್ಟು ಒಳಗೆ ಮಲಗುವುದನ್ನು ಮಾತ್ರ ಯಾರೂ ಮಾಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಗಾಡಿಗೆ ಅಂಟಿಕೊಂಡಂತೆ ಇರಿಸುವ ಜನರೇಟರಿಗೂ ಈ ಮಾತು ಸಲ್ಲುತ್ತದೆ.

ಬೆಳಿಗ್ಗೆ ಹೆದ್ದಾರಿಯ ಆಟೋ ಎಲೆಕ್ಟ್ರಿಷಿಯನ್ನರ ಬಳಿ ಹೋದರೆ ಆಲ್ಟರ್ನೇಟರಿಗೆ ಅವರು 'ಡೈನಮೊ' ಎನ್ನುತ್ತಾರೆಂಬುದು ನೆನಪಿರಲಿ. ಮುಂದಿನ ಮತ್ತು ಹಿಂದಿನ ಬ್ಯಾಟರಿಗಳ ಅಂಕಿಗಳನ್ನು ಎಂಜಿನ್ ನಿಂತಾಗ, ನಡೆಯುವಾಗ ಎಂದು ಎರಡು ಸಾಲಿನಲ್ಲಿ ಚೀಟಿಯಲ್ಲಿ ಬರೆದು ಕೊಟ್ಟರೆ ಅನುಭವಿಯಾದವನು ನೇರವಾಗಿ ದೋಷದ ಬಳಿಗೇ ಹೋಗುತ್ತಾನೆ. ದುರಸ್ತಿಯಾದ ಮೇಲೆ ಫ್ರಿಜ್, ಫ್ಯಾನುಗಳನ್ನು ಹಾಕಿ, ಎಂಜಿನ್ ಚಾಲೂ ಮಾಡಿಸಿ, ಹಿಂದಿನ ಬ್ಯಾಟರಿಯ ತುದಿಯಲ್ಲಿ ಮತ್ತೊಮ್ಮೆ ಅಳೆದು ನೋಡಿಯೇ ಹಣ ಕೊಡಬೇಕು.