ಚಿತ್ರಕ್ಕೂ ಒಂದು ಸಂಧಿ

ಎರಡು ವರ್ಷಗಳಿಗೊಮ್ಮೆ, ಜನವರಿ 18ರ ಬೆಳಗಿನ ಜಾವ, ಉಡುಪಿಯಲ್ಲಿ ನಿದ್ರಿಸುವವರು ವಿರಳ. ಪರ್ಯಾಯ ಪೀಠವನ್ನೇರಲಿರುವ ಯತಿಗಳು ಕಾಪುವಿನ ದಂಡತೀರ್ಥದಲ್ಲಿ ಮಿಂದು ಉಡುಪಿಯ ಜೋಡುಕಟ್ಟೆಗೆ ಬರುತ್ತಾರೆ. ಅಲ್ಲಿಂದ ಮೆರವಣಿಗೆ ರಥಬೀದಿಯ ಕಡೆಗೆ ಸಾಗುತ್ತದೆ. ಹಿಂದೆ ನಾವು ಇದನ್ನು ಕಣ್ತುಂಬ ನೋಡಿ ಮನೆಗೆ ಮರಳುತ್ತಿದ್ದೆವು. ಈಗಲಾದರೋ ಕಣ್ಣಿಗಿಂತ ಮೊದಲು ಮೊಬೈಲು ಮೇಲೇಳುತ್ತದೆ! ಮಣಿಪಾಲದ ಮಗ ಜೋಡುಕಟ್ಟೆಯಲ್ಲಿ ನಿಂತು ತೆಗೆದ ತುಣುಕುಗಳು ಹತ್ತು. ಕಾರ್ಕಳದಿಂದ ಬಂದ ಅತ್ತೆಯವರು ರಥಬೀದಿಯ ಉಪ್ಪರಿಗೆಯೊಂದರಿಂದ ತೆಗೆದವು ಇಪ್ಪತ್ತು. ಇವನ್ನೆಲ್ಲ ಜೋಡಿಸಿ ದುಬೈಯಲ್ಲಿರುವ ಅಕ್ಕನಿಗೆ ಕಳುಹಿಸಬೇಕು. ತೊಡಕು ಆರಂಭವಾಗುವುದು ಆಗಲೇ.

ಒಂದು ತುಣುಕು ಮುಗಿದು ಮತ್ತೊಂದು ಮೊದಲಾಗುವ ಸ್ಥಳದಲ್ಲಿ ಮೊದಲನೆಯದು ಕರಗಿ ಎರಡನೆಯದು ಮೂಡುವಂತೆ ಮಾಡುವುದಕ್ಕೆ ‘ಟ್ರಾನ್ಸಿಷನ್’ ಎಂದು ಹೆಸರು. ನಾವು ಶಾಲೆಯಲ್ಲಿ ಕಲಿತ ಸಂಧಿಯೇ ಇದು, ಅದರಲ್ಲಿಯೂ ಲೋಪಸಂಧಿ. ಕೂಡಿಕೆಗೆ ಏನನ್ನಾದರೂ ಬಿಟ್ಟುಕೊಡಲೇಬೇಕು. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಬಿಡಿಚಿತ್ರಗಳನ್ನು ಹಿಡಿಯುತ್ತದೆ. ಕತ್ತರಿಸಿದ ಗೆರೆಯ ನಡುವೆ ಒಂದು ಸೆಕೆಂಡಿನ ಕರಗುವಿಕೆಯನ್ನು ಇಟ್ಟರೆ, ಗೆರೆಯಾಚೆಗೆ ಮೊದಲ ತುಣುಕಿನಲ್ಲಿ 15, ಗೆರೆಗೆ ಮುಂಚೆ ಎರಡನೆಯ ತುಣುಕಿನಲ್ಲಿ 15 ಚಿತ್ರಗಳು ಹೆಚ್ಚಿಗೆ ಉಳಿದಿರಬೇಕು. ಇಲ್ಲವಾದರೆ ಕೆಲವು ತಂತ್ರಾಂಶಗಳು ಒಪ್ಪುವುದೇ ಇಲ್ಲ. ಕೆಲವು ಕೊನೆಯ ಚಿತ್ರವನ್ನು ಶಿಲೆಯಂತೆ ನಿಲ್ಲಿಸುತ್ತವೆ. ಮತ್ತೆ ಕೆಲವು ತುಣುಕುಗಳನ್ನು ಒಂದರ ಮೇಲೊಂದು ಸರಿಸಿ ಒಟ್ಟು ಅವಧಿಯನ್ನು ಒಂದು ಸೆಕೆಂಡು ಮೊಟಕುಗೊಳಿಸುತ್ತವೆ.

ಒಂದು ಸೆಕೆಂಡು ಎಂದರೆ ಅಲ್ಪವೆನ್ನಬೇಡಿ. ತೊಂಬತ್ತು ವರ್ಷದ ಅಜ್ಜಿ ಉಪನಯನದ ವಟುವಿನ ತಲೆಯ ಮೇಲೆ ಕೈಯಿಟ್ಟು “ಒಳ್ಳೆಯದಾಗಲಿ ಮಗಾ” ಎಂದುದು ತುಣುಕಿನ ಮೊದಲ ಕ್ಷಣದಲ್ಲಿಯೇ ಇದ್ದರೆ, ಅವರ ಮುಖ ಅರ್ಧ ಕರಗಿದ ಊಟದ ಪಂಕ್ತಿಯಡಿಯಲ್ಲಿ, ಮಾತು ವಾಲಗದ ಸದ್ದಿನಲ್ಲಿ ಹುದುಗಿಹೋಗುತ್ತದೆ. ಅವರನ್ನು ಮತ್ತೆ ಚಿತ್ರಿಸುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಚಿತ್ರ ತೆಗೆಯುವಾಗಲೇ ಎರಡು ಸೆಕೆಂಡು ಮುಂಚೆ ಒತ್ತಿ, ಎರಡು ಸೆಕೆಂಡು ತಡೆದು ನಿಲ್ಲಿಸುವುದು ಜಾಣತನ.

ಇನ್ನು ಪದರಗಳ ಮಾತು. 2017ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟ ವಿಂಡೋಸ್ ಮೂವೀ ಮೇಕರಿನಲ್ಲಿ ಚಿತ್ರಕ್ಕೆ ಒಂದೇ ಸಾಲು ಇದ್ದಿತು. ಈಗ ಉಚಿತವಾಗಿ ದೊರೆಯುವ ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಮೊದಲಾದವುಗಳಲ್ಲಿ ಸಾಲಿನ ಮೇಲೆ ಸಾಲು. ಯಕ್ಷಗಾನವನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಇಬ್ಬರು ಹಿಡಿದ ತೆರೆಯೇ ಮೇಲಿನ ಪದರ. ಹಿಂದೆ ಕುಣಿಯುವ ವೇಷವೇ ಕೆಳಗಿನದು. ತೆರೆ ಸರಿದಷ್ಟು ಮಾತ್ರ ವೇಷ ಕಾಣುತ್ತದೆ. ಆದುದರಿಂದ ಪದರಗಳಿರುವಲ್ಲಿ ಕೆಳಗಿನ ತುಣುಕನ್ನು ಮುಟ್ಟಬೇಕಾದುದಿಲ್ಲ. ಅದು ಮೇಲಿನದರ ಅಡಿಯಲ್ಲಿ ಮುಂಚೆಯೇ ಮೊದಲಾಗಿರಬೇಕು, ಅಷ್ಟೆ. ಕರಗಬೇಕಾದುದು ಮೇಲಿನದು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೇಲಿನ ತುಣುಕಿಗೆ ‘ಫೇಡ್ ಔಟ್’ ಹಾಕಿದರೆ ಅದು ಕೆಳಗಿನ ಚಿತ್ರವನ್ನು ತೋರಿಸುವ ಬದಲು ಕಪ್ಪಾಗಿ ಕುಳಿತುಬಿಡುತ್ತದೆ! ಮೂಲೆಯಲ್ಲಿ ಇಟ್ಟ ಪುಟ್ಟ ಚಿತ್ರವಾದರಂತೂ ಕರಿಯ ಹಲಗೆಯಂತೆ ತೋರುತ್ತದೆ. ಶಾಟ್‌ಕಟ್ಟಿನಲ್ಲಿ ಕಪ್ಪಿನ ಬದಲು ಪಾರದರ್ಶಕತೆಯನ್ನು ಬದಲಿಸುವ ಚೌಕವೊಂದು ಆ ಫೇಡಿನ ಕೆಳಗೆಯೇ ಇದೆ. ಅದಕ್ಕೆ ಗುರುತು ಹಾಕಿದರೆ ತೊಂದರೆ ತೀರಿತು. ಕೆಡೆನ್‌ಲೈವಿನಲ್ಲಿ ಒಂದೇ ಸಾಲಿನ ಕೂಡಿಕೆ ಬೇರೆ, ಎರಡು ಸಾಲುಗಳ ನಡುವಣ ‘ಕಾಂಪೊಸಿಷನ್’ ಬೇರೆ. ಮೊದಲನೆಯದನ್ನು ಎರಡನೆಯದರ ಸ್ಥಳದಲ್ಲಿ ಹುಡುಕಿದರೆ ಸಿಕ್ಕದು.

ಧ್ವನಿಯನ್ನೂ ಮರೆಯಬಾರದು. ಎರಡು ಪದರಗಳ ಚೆಂಡೆ ಒಟ್ಟಿಗೆ ಕೇಳಿದರೆ ತಾಳವೇ ಕೆಡುತ್ತದೆ. ಒಂದನ್ನು ಮೌನವಾಗಿಸಿ.

ಎಲ್ಲಿ ಕರಗಿಸಬೇಕು? ಕಾಲವೋ ಸ್ಥಳವೋ ಬದಲಾಗುವಲ್ಲಿ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬೆಳಕು ಮೆಲ್ಲನೆ ಕರಗಿ ಜೋಡುಕಟ್ಟೆಯ ದೀಪಗಳಾಗಲಿ. ನಡುವಿನ ದಾರಿಯನ್ನು ನೋಡುವವರೇ ಊಹಿಸಿಕೊಳ್ಳುತ್ತಾರೆ. ಅದಕ್ಕಿಂತಲೂ ಸೊಗಸಾದ ಸಂದರ್ಭ ಕಾರ್ಕಳದಲ್ಲಿದೆ. 1432ರಲ್ಲಿ ಪ್ರತಿಷ್ಠಾಪಿತನಾದ 42 ಅಡಿಯ ಗೊಮ್ಮಟ ಅಲುಗುವವನಲ್ಲ. 2015ರ ಮಹಾಮಸ್ತಕಾಭಿಷೇಕದಲ್ಲಿ ಒಂದೇ ಸ್ಥಳದಿಂದ ತೆಗೆದ ತುಣುಕುಗಳು ನಿಮ್ಮಲ್ಲಿದ್ದರೆ ಒಂದರ ಮೇಲೊಂದು ಇಟ್ಟು ನಿಧಾನವಾಗಿ ಕರಗಿಸಿ ನೋಡಿ. ಹಾಲಿನ ಬಿಳುಪು ಅರಿಸಿನವಾಗಿ, ಅರಿಸಿನ ಚಂದನವಾಗಿ ಮೂರ್ತಿಯ ಮೈಮೇಲೆಯೇ ಬದಲಾಗುತ್ತದೆ. ಇದೇ ಉಪಾಯವನ್ನು ನೂಕುನುಗ್ಗಲಿನ ಮೆರವಣಿಗೆಗೆ ಹೂಡಿದರೆ ಬರಿಯ ಕಲಸುಮೇಲೋಗರ.

ಫ್ರಾನ್ಸಿನ ಜಾರ್ಜ್ ಮೆಲಿಯೆ 1899ರಲ್ಲಿಯೇ ತನ್ನ ‘ಸಿಂಡ್ರೆಲಾ’ ಚಿತ್ರದ ದೃಶ್ಯಗಳನ್ನು ಹೀಗೆ ಕರಗಿಸಿ ಕೂಡಿಸಿದ್ದನು. ಇಂದು ಬೆರಳ ತುದಿಯಲ್ಲಿಯೇ ನಕ್ಷತ್ರ, ಹೃದಯ, ಮಗುಚುವ ಪುಟ ಮುಂತಾದ ನೂರು ಬಗೆಗಳಿವೆ. ಮದುವೆಯ ಆಲ್ಬಮ್ಮಿನ ಆಚೆಗೆ ಅವುಗಳಲ್ಲಿ ತೊಂಬತ್ತೈದು ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ. ನಿರ್ಗಮಿಸುವ ಯತಿಗಳು ಅಕ್ಷಯಪಾತ್ರೆ, ಸಟ್ಟುಗಗಳನ್ನು ಬರುವವರ ಕೈಗೆ ಒಪ್ಪಿಸುವ ದೃಶ್ಯ ನಿಮಗೆ ದೊರೆತಿದ್ದರೆ, ಅಲ್ಲಿ ಯಾವುದನ್ನೂ ಹಾಕದೆ ತುಣುಕುಗಳನ್ನು ನೇರವಾಗಿ ಜೋಡಿಸಿ, ಕೊಡುವ ಕೈ, ಪಡೆಯುವ ಕೈ ಎರಡೂ ಸ್ಪಷ್ಟವಾಗಿ ಕಾಣುವಂತೆ.